ಮಶ್ರೂಮ್ ಕೋರಲ್ ಮುದುಡಿತೆಂದು ಸೀಗಡಿ ತುರುಕಬೇಡಿ

ಮಶ್ರೂಮ್ ಕೋರಲ್ ಅಂದರೆ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ, ಅಣಬೆಯಂತೆ ಕಾಣುವ ಮೆತ್ತನೆಯ ಸಮುದ್ರಜೀವಿ. ಅದನ್ನು ಸಾಕುವವರ ಟ್ಯಾಂಕ್‌ಗಳಲ್ಲಿ ಮತ್ತೆ ಮತ್ತೆ ಆಗುವ ಅನಾಹುತವಿದು. 150 ಲೀಟರ್ ನೀರು, ಎರಡೇ ಮೀನು, ಹಗಲಿರುಳು ಓಡುವ ಸ್ಕಿಮ್ಮರ್ (ನೊರೆಯೊಂದಿಗೆ ಕೊಳೆ ತೆಗೆಯುವ ಯಂತ್ರ), ಸಾಲದ್ದಕ್ಕೆ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು, ಅಂದರೆ ಜಿಎಫ್‌ಒ. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಮಾಲೀಕರಿಗೆ ಹೆಮ್ಮೆ. ಆದರೆ ಅಗಲವಾಗಿ ಹರಡಿಕೊಂಡಿದ್ದ ಡಿಸ್ಕೊಸೋಮಾ ಎಂಬ ಜಾತಿಯ ಮಶ್ರೂಮ್ ನಾಣ್ಯದಗಲಕ್ಕೆ ಕುಗ್ಗಿ ಬಿಳಚುತ್ತದೆ. ಹಸಿವೆಯೆಂದು ದೊಡ್ಡ ಸೀಗಡಿ ತುಂಡು ಇಡುತ್ತಾರೆ. ಅದು ಅರೆಜೀರ್ಣವಾಗಿ ಕಂದು ಲೋಳೆಯಾಗಿ ಹೊರಬೀಳುತ್ತದೆ, ಬಂಡೆ ಸಂದಿಯಲ್ಲಿ ಕೊಳೆತು ಅಮೋನಿಯಾ, ಫಾಸ್ಫೇಟ್ ಏರಿಸುತ್ತದೆ. ಗಾಬರಿಯಲ್ಲಿ ಜಿಎಫ್‌ಒ ದುಪ್ಪಟ್ಟು. ಫಾಸ್ಫೇಟ್ ಧಡಕ್ಕನೆ ಸೊನ್ನೆಗಿಳಿದ ಮೇಲೆ ಮರಳಿನ ಮೇಲೆ ಗುಳ್ಳೆ ಹೊತ್ತ ಕಂದು ಎಳೆಗಳು: ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು. ಮಶ್ರೂಮ್ ಬುಡ ಬಿಟ್ಟು ತೇಲಿ ಪಂಪಿಗೆ ಸಿಗುವುದು ಕೊನೆಯ ಹಂತ.

ತಪ್ಪಿರುವುದು ಮೊದಲ ರೋಗನಿರ್ಣಯದಲ್ಲೇ. ಮಶ್ರೂಮಿನ ಅಂಗಾಂಶದೊಳಗಿನ ಝೂಕ್ಸಾಂಥೆಲ್ಲೆ ಪಾಚಿ ಬೆಳಕಿನಿಂದ ಸಕ್ಕರೆ, ಕೊಬ್ಬು ತಯಾರಿಸಿ ಅದಕ್ಕೆ ಕೊಡುತ್ತದೆ. ಶಕ್ತಿಯ ಬಹುಪಾಲು ಅಲ್ಲಿಂದಲೇ. ಸಕ್ಕರೆಯಿಂದ ಮಾತ್ರ ಮೈ ಬೆಳೆಯದು; ಸಾರಜನಕ, ರಂಜಕ ಬೇಕು. ಅವು ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಕರಗಿ ಬರುವಂಥವು. ನೀರಿನಿಂದ ಅವನ್ನೆಲ್ಲ ತೆಗೆದುಬಿಟ್ಟರೆ ಪಾಚಿಯೂ ಸೊರಗುತ್ತದೆ, ಅದನ್ನು ಹೊತ್ತ ಮಶ್ರೂಮೂ ಸೊರಗುತ್ತದೆ. ಡಿಸ್ಕೊಸೋಮಾದ ಟೆಂಟಕಲ್‌ಗಳು ಬರೀ ಗುಬುಟುಗಳು, ದೊಡ್ಡ ಬೇಟೆ ಅದರ ಕೆಲಸವಲ್ಲ. ರೋಡಾಕ್ಟಿಸ್, ರಿಕಾರ್ಡಿಯಾ ಎಂಬ ಬೇರೆ ಮಶ್ರೂಮ್ ಜಾತಿಗಳು ಇನ್ನಷ್ಟು ಚೆನ್ನಾಗಿ ತಿನ್ನುತ್ತವೆ.

ಮುದುಡಿದ ತಕ್ಷಣ ಮೊದಲು ಬೆಳಕು, ಹರಿವು ನೋಡಿ. ಡಿಸ್ಕೊಸೋಮಾಗೆ 50ರಿಂದ 100 ಪ್ಯಾರ್ (ದ್ಯುತಿಸಂಶ್ಲೇಷಣೆಗೆ ಸಿಗುವ ಬೆಳಕಿನ ಅಳತೆ) ಸಾಕು. ಅಂಚು ಪಟಪಟ ಬಡಿಯುತ್ತಿದ್ದರೆ ಹರಿವು ಜಾಸ್ತಿ. ಇವೆರಡೂ ಸರಿಯಿದ್ದು ನೈಟ್ರೇಟ್, ಫಾಸ್ಫೇಟ್ ಸೊನ್ನೆಯೆಂದರೆ ಜಿಎಫ್‌ಒ ತೆಗೆಯಿರಿ, ಸ್ಕಿಮ್ಮರ್ ರಾತ್ರಿ ಮಾತ್ರ ಓಡಿಸಿ, ಮೀನಿಗೆ ಆಹಾರ ಸ್ವಲ್ಪ ಹೆಚ್ಚಿಸಿ. ಗುರಿ: ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ. ಆದರೂ ನೈಟ್ರೇಟ್ ಏರದಿದ್ದರೆ ಶುದ್ಧ ಸೋಡಿಯಂ ನೈಟ್ರೇಟ್: 100 ಲೀಟರಿಗೆ 137 ಮಿಲಿಗ್ರಾಂ ಹಾಕಿದರೆ 1 ಪಿಪಿಎಂ ಏರುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ. ಬಂಡೆ, ಮರಳು ತೆಗೆದುಕೊಂಡ ಜಾಗ ಕಳೆದು ನೀರೆಷ್ಟಿದೆಯೋ ಅಷ್ಟಕ್ಕೇ ಲೆಕ್ಕ ಹಾಕಿ. ಗೊಬ್ಬರದ ಅಂಗಡಿಯ ಮಿಶ್ರಣಗಳ ಹತ್ತಿರವೂ ಹೋಗಬೇಡಿ, ತಾಮ್ರವಿದ್ದರೆ ಟ್ಯಾಂಕ್ ಮುಗಿದಂತೆಯೇ.

ತಿನ್ನಿಸಲೇಬೇಕೆಂದರೆ ವಾರಕ್ಕೊಮ್ಮೆ, 2-3 ಮಿಲಿಮೀಟರಿನ ಮೈಸಿಸ್ ಎಂಬ ಪುಟ್ಟ ಸೀಗಡಿಯಂಥ ಜೀವಿಯ ಚೂರು. ಪಂಪ್ ನಿಲ್ಲಿಸಿ, ಪಿಪೆಟ್‌ನಿಂದ ಬಾಯಿಯ ಬಳಿ ಬಿಟ್ಟು 15 ನಿಮಿಷ ಕಾಯಿರಿ. ಹಿಡಿಯದೆ ಉಳಿದದ್ದನ್ನು ಹೀರಿ ತೆಗೆಯಿರಿ. ಬಿಳಚಿ ಕುಗ್ಗಿರುವಾಗ ಇದೂ ಬೇಡ, ಅರಗಿಸಿಕೊಳ್ಳುವ ತ್ರಾಣ ಅದಕ್ಕಿರದು.

ಆನೆಕಿವಿ ಮಶ್ರೂಮ್, ಅಂದರೆ ಆಂಪ್ಲೆಕ್ಸಿಡಿಸ್ಕಸ್, ಈ ಲೆಕ್ಕಕ್ಕೆ ಸೇರದು. ಅದು ಅಂಚನ್ನು ಚೀಲದ ಬಾಯಿಯಂತೆ ಮುಚ್ಚಿ ಜೀವಂತ ಮೀನನ್ನೇ ಹಿಡಿಯುತ್ತದೆ. ಸಣ್ಣ ಗೋಬಿ, ಕ್ಲೌನ್‌ಫಿಶ್ ಇರುವ ಟ್ಯಾಂಕಿಗೆ ಅದನ್ನು ತರಲೇಬೇಡಿ.