ಬಯಾಸೋ, ಯುಇಎಫ್‌ಐಯೋ?

ಹವ್ಯಾಸಕ್ಕೆಂದು ಸ್ವಂತ ಆಪರೇಟಿಂಗ್ ಸಿಸ್ಟಂ ಬರೆಯಲು ಹೊರಟವರಿಗೆ ಮೊದಲ ಕವಲು ಇದೇ. ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡಿ, ಆಪರೇಟಿಂಗ್ ಸಿಸ್ಟಂ ಅನ್ನು ಎಬ್ಬಿಸುವ ತಂತ್ರಾಂಶಗಳಿವು: ಬಯಾಸ್ ಹಳೆಯದು, ಯುಇಎಫ್‌ಐ ಹೊಸದು. ಬಯಾಸ್ ದಾರಿ ಹಿಡಿದರೆ ಕೈಗೆ ಸಿಗುವುದು 512 ಬೈಟ್‌ಗಳ ಬೂಟ್ ಸೆಕ್ಟರ್ (ಡಿಸ್ಕಿನ ಮೊದಲ ತುಣುಕು), 16 ಬಿಟ್‌ನ ಹಳೆಯ ಲೋಕ. ತೆರೆಯ ಮೇಲೆ ಅಕ್ಷರ ಮೂಡಿಸುವುದೇನೋ ಸಲೀಸು: ತೆರೆಗೆಂದೇ ಇರುವ ವಿಜಿಎ ಮೆಮೊರಿಯಲ್ಲಿ ಎರಡು ಬೈಟ್ ಬರೆದರೆ ಸಾಕು, ಅಕ್ಷರಕ್ಕೊಂದು, ಬಣ್ಣಕ್ಕೊಂದು. ಆದರೆ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಸರಾಗವಾಗಿ ಓಡಿದ ಅದೇ ಕೋಡ್, ಬಯಾಸ್ ಬೆಂಬಲವನ್ನೇ ಕೈಬಿಟ್ಟ ಹೊಸ ಲ್ಯಾಪ್‌ಟಾಪ್‌ನಲ್ಲಿ ಏಳುವುದೇ ಇಲ್ಲ.

ಯುಇಎಫ್‌ಐ ಆದರೋ ಡಿಸ್ಕಿನಲ್ಲಿ ಫ್ಯಾಟ್ ಎಂಬ ಕಡತ ವ್ಯವಸ್ಥೆಯಿರುವ ವಿಭಾಗದಿಂದ ಕಡತವನ್ನು ತಾನೇ ಓದಿ, ಸಾಮಾನ್ಯವಾಗಿ ನೇರ 64 ಬಿಟ್‌ಗೇ ತಂದು ನಿಲ್ಲಿಸುತ್ತದೆ. ಮುಂದೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಧಿಕಾರ ವಹಿಸಿಕೊಂಡ ಮೇಲೆ ಅಕ್ಷರಗಳನ್ನು ನೀವೇ ಚುಕ್ಕೆ ಚುಕ್ಕೆಯಾಗಿ ಬಿಡಿಸಬೇಕು, ಹೆಚ್ಚುಕಡಿಮೆ ರಂಗೋಲಿಯಂತೆ.

ನನ್ನ ಮತ ಯುಇಎಫ್‌ಐಗೆ. ಅಟ್ಟದ ಹಳೆಯ ಯಂತ್ರವನ್ನೂ ಎಬ್ಬಿಸುವ ಆಸೆಯಿದ್ದರೆ, ಎರಡನ್ನೂ ಬಲ್ಲ ಲಿಮೈನ್ ಎಂಬ ಬೂಟ್‌ಲೋಡರ್ (ಕರ್ನಲ್ಲನ್ನು ಮೆಮೊರಿಗೆ ತಂದು ಓಡಿಸುವ ತಂತ್ರಾಂಶ) ಇದೆ. ಯುಎಸ್‌ಬಿ ಕೀಬೋರ್ಡ್‌ಗೆ ಡ್ರೈವರ್ ಬರೆಯುವ ಸಂಕಟ ಮಾತ್ರ ಎರಡೂ ದಾರಿಯಲ್ಲಿ ಕಾದಿದೆ.