ಮಕ್ಕಳನ್ನು ಕುಪ್ಪಳಿಗೆ ಕರೆದೊಯ್ಯುವ ಮುಂಚೆ ಇದನ್ನು ಓದಿ

ಡಿಸೆಂಬರ್ ಬಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹೋದ ವರ್ಷ ಕುವೆಂಪು ಅವರ ಊರು ಕುಪ್ಪಳಿಯ ಪ್ರವಾಸದಲ್ಲಿ ನಮಗಾದದ್ದು ಬೇರೆ ಯಾರಿಗೂ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಕುವೆಂಪು ಅವರ ಕಾದಂಬರಿಗಳಾದ ‘ಕಾನೂರು ಹೆಗ್ಗಡಿತಿ’, ‘ಮಲೆಗಳಲ್ಲಿ ಮದುಮಗಳು’ ಹುಟ್ಟಿದ ಕಾಡು ಗುಡ್ಡಗಳನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ತೋರಿಸಬೇಕು ಅಂತ ನನಗೆ ತುಂಬಾ ಆಸೆ. ಅದಕ್ಕೇ ಮೂರು ತಿಂಗಳು ವಾರಕ್ಕೊಂದು ಪೀರಿಯಡ್ ‘ಮದುಮಗಳು’ ಓದಿ ಹೇಳಿದ್ದೆ. ನಾಯಿಗುತ್ತಿ, ಅವನ ನಾಯಿ ಹುಲಿಯ ಅಂದರೆ ಮಕ್ಕಳಿಗೆ ಪ್ರಾಣ. ಕೊನೆಯಲ್ಲಿ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋದಾಗ ಒಬ್ಬ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಿದ್ದಳು. “ಮಿಸ್, ಆ ಹೊಳೆ ನೋಡಕ್ಕಾಗತ್ತಾ?” ಅಂತ ಕೇಳಿದಳು. ತೀರ್ಥಹಳ್ಳಿಯಲ್ಲಿ ತೋರಿಸ್ತೀನಿ ಅಂದೆ.

ಒಂದು ಟ್ರಾವೆಲ್ಸ್‌ನವರು ‘ಸಾಹಿತ್ಯ ಪ್ರವಾಸ’ ಅಂತ ಪ್ಯಾಕೇಜ್ ಕೊಟ್ಟರು. ಎರಡು ದಿನ, ಶೃಂಗೇರಿ, ಕುಪ್ಪಳಿ, ಜೋಗ, ತಲೆಗೆ 3,200 ರೂಪಾಯಿ. 46 ಮಕ್ಕಳ ಪೂರ್ತಿ ದುಡ್ಡು ಮೊದಲೇ ಕಟ್ಟಿಬಿಟ್ಟೆವು. ನಮ್ಮ ದೊಡ್ಡ ತಪ್ಪು ಅದೇ. ಮನೆಗೆಲಸಕ್ಕೆ ಹೋಗುವ ಒಬ್ಬ ತಾಯಿ ಮೂರು ಕಂತಿನಲ್ಲಿ ಆ ದುಡ್ಡು ತಂದುಕೊಟ್ಟಿದ್ದರು. ಈಗಲೂ ಅವರ ಮುಖ ನೋಡಲು ನನಗೆ ಕಷ್ಟ.

ಬಸ್ಸು ಹೊರಟಿದ್ದೇ ಮೂರು ಗಂಟೆ ತಡ. ಮಧ್ಯಾಹ್ನದ ಊಟ ಪ್ಯಾಕೇಜಿನಲ್ಲೇ ಇತ್ತು. ಆದರೆ ಶೃಂಗೇರಿ ಮಠದ ಪ್ರಸಾದದ ಸಾಲಿನಲ್ಲಿ ನಿಲ್ಲಿಸಿದರು. ಪ್ರಸಾದ ಚೆನ್ನಾಗಿಯೇ ಇತ್ತು. ಆದರೆ ಊಟಕ್ಕೆ ಅಂತ ನಮ್ಮಿಂದ ತೆಗೆದುಕೊಂಡ ದುಡ್ಡು?

ಕುಪ್ಪಳಿ ತಲುಪಿದಾಗ ಸಂಜೆ ಐದು. ಕವಿಮನೆಗೆ ಇಪ್ಪತ್ತು ನಿಮಿಷ ಅಂದರು. ಕುವೆಂಪು ಹುಟ್ಟಿದ್ದು ಈ ಮನೆಯಲ್ಲೇ ಅಂತ ಅವರ ಗೈಡ್ ಹೇಳಿದ. ಅವರು ಹುಟ್ಟಿದ್ದು ತಾಯಿಯ ತವರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯಲ್ಲಿ. ಜ್ಞಾನಪೀಠ ಬಂದದ್ದು ‘ಮದುಮಗಳು’ಗೆ ಅಂತಲೂ ಹೇಳಿದ. ಅದು ಬಂದದ್ದು ‘ಶ್ರೀ ರಾಮಾಯಣ ದರ್ಶನಂ’ಗೆ. ಕಾದಂಬರಿ ಪ್ರಕಟವಾದದ್ದೂ ಪ್ರಶಸ್ತಿಯ ವರ್ಷವೂ 1967 ಆದ್ದರಿಂದ ಗೊಂದಲ ಆಗಬಹುದು, ಒಪ್ಪುತ್ತೇನೆ. ಆದರೆ ಮಕ್ಕಳು ಅದನ್ನೇ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದರಲ್ಲ!

ಕವಿಶೈಲ ಹತ್ತುವಾಗ ಬಿಸಿಲು ಇಳಿಯುತ್ತಿತ್ತು. ಅಲ್ಲಿ ಬಂಡೆಯ ಮೇಲೆ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಹೆಸರು ಕೆತ್ತಿದೆ. ಆ ಹುಡುಗಿ ಮಂಡಿಯೂರಿ, ಒಂದೊಂದೇ ಅಕ್ಷರದ ಗೆರೆಯಲ್ಲಿ ಬೆರಳಾಡಿಸುತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಸೀಟಿ. ಜೋಗದ ಲಾಡ್ಜಿಗೆ ತಡವಾಗುತ್ತದಂತೆ. ಸೂರ್ಯ ಮುಳುಗುವುದನ್ನೂ ನೋಡಲು ಬಿಡಲಿಲ್ಲ. ತೀರ್ಥಹಳ್ಳಿ ದಾಟಿದ್ದು ಕತ್ತಲಲ್ಲಿ. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ನಾನು ಎಬ್ಬಿಸಲಿಲ್ಲ. ಎಬ್ಬಿಸಿ ಏನು ತೋರಿಸಲಿ?

ವಾಪಸ್ ಬಂದ ಮೇಲೆ ಊಟದ ದುಡ್ಡು ಕೇಳಿದೆವು. ಮೊದಮೊದಲು ನಾಳೆ ಅಂದರು, ಆಮೇಲೆ ಫೋನೇ ಎತ್ತಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಒಂದು ರಸೀದಿ ಮಾತ್ರ. ಎಲ್ಲಿ ಎಷ್ಟು ಹೊತ್ತು, ಊಟ ಎಲ್ಲಿ ಅನ್ನುವುದು ಯಾವುದೂ ಬರವಣಿಗೆಯಲ್ಲಿ ಇರಲಿಲ್ಲ.

ದಯವಿಟ್ಟು ಅದನ್ನೆಲ್ಲ ಬರೆಸಿಕೊಳ್ಳಿ. ಅರ್ಧ ದುಡ್ಡನ್ನು ಪ್ರವಾಸ ಮುಗಿಸಿ ಬಂದ ಮೇಲೆ ಕೊಡಿ. ಕುಪ್ಪಳಿಯ ಜೊತೆ ಜೋಗ ಸೇರಿಸಬೇಡಿ, ಯಾರು ಎಷ್ಟೇ ಹೇಳಲಿ. ಕುಪ್ಪಳಿಗೇ ಒಂದು ಪೂರ್ತಿ ದಿನ ಬೇಕು.

ಈ ಸಲ ನಾವೇ ಬಸ್ಸು ಮಾಡಿಕೊಂಡು ಹೋಗುತ್ತಿದ್ದೇವೆ. ತೀರ್ಥಹಳ್ಳಿಯಲ್ಲಿ ಎರಡು ರಾತ್ರಿ. ಆ ಹುಡುಗಿ ಈಗ ಹತ್ತನೇ ತರಗತಿ, ಅವಳನ್ನೂ ಹೊರಡಿಸಿದ್ದೇನೆ. ಮೊದಲ ದಿನ ಬೆಳಿಗ್ಗೆ ಹೊಳೆಗೇ ಹೋಗುವುದು.