ಗಾಡಿ ಚೆನ್ನಾಗಿ ಎಳೀತಿದೆ ಅಂತ ಖುಷಿಪಡುವಾಗಲೇ ಪಿಸ್ಟನ್ ಹಿಡಿದುಕೊಂಡಿತು

ಟೂ ಸ್ಟ್ರೋಕ್ ಗಾಡಿಗೆ ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಾಯಿಸಿ, ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಮಾತ್ರ ಹಳೆಯದನ್ನೇ ಬಿಟ್ಟಿದ್ದೀರಾ? ಹಾಗಿದ್ದರೆ ಮುಂದಿನ ಸಲ ಗಾಡಿ ತೆಗೆಯುವ ಮೊದಲು ಇದನ್ನು ಓದಿ. ಹೀಗೆ ಬಿಟ್ಟಿದ್ದಕ್ಕೆ ನನ್ನ ಪಿಸ್ಟನ್ ಹೋಯಿತು, ಬ್ಲಾಕ್ ಬೋರ್ ಮಾಡಿಸಬೇಕಾಯಿತು (ಸಿಲಿಂಡರಿನ ಒಳಗೋಡೆ ಕೊರೆಸಬೇಕಾಯಿತು), ಕ್ರ್ಯಾಂಕ್ ಕೂಡ ಹೋಯಿತು. ಹಿಂದಿನ ಚಕ್ರ ಲಾಕ್ ಆದಾಗ ಹಿಂದೆ ಯಾವ ವಾಹನವೂ ಇರಲಿಲ್ಲ. ಅದಕ್ಕೇ ನಾನು ಉಳಿದೆ.

ನನ್ನದು ಏರ್ ಕೂಲ್ಡ್ ಸಿಂಗಲ್ ಸಿಲಿಂಡರ್ ಗಾಡಿ. ಪೋರ್ಟಿಂಗ್ (ಬ್ಲಾಕಿನ ಗಾಳಿ-ಹೊಗೆ ದಾರಿಗಳನ್ನು ತಿದ್ದಿಸುವುದು) ಮಾಡಿಸಿ ಎಕ್ಸ್‌ಪ್ಯಾನ್ಷನ್ ಚೇಂಬರ್, ಅಂದರೆ ಹೊಟ್ಟೆ ಉಬ್ಬಿದ ಸೈಲೆನ್ಸರ್ ಪೈಪ್, ಹಾಕಿಸಿದ್ದೆ. ಫಿಲ್ಟರ್ ಡಬ್ಬ ತೆಗೆದು ಕಾರ್ಬೊರೇಟರ್ ಬಾಯಿಗೇ ಕೋನ್ ಫಿಲ್ಟರ್ ಸಿಕ್ಕಿಸಿದ್ದೆ. ಕಂಪ್ರೆಷನ್ ಜಾಸ್ತಿ ಮಾಡಲು ಹೆಡ್ಡನ್ನೂ ಲೇಥಿನಲ್ಲಿ ತುಸು ತೆಗೆಸಿದ್ದೆ. ಕೆಲಸ ಮಾಡಿಕೊಟ್ಟವರು "ಜೆಟ್ ಇದೇ ಸಾಕು" ಅಂದರು. ನಾನು ನಂಬಿದೆ.

ಆ ದಿನ ಬೆಳಗ್ಗೆ ಚಳಿ ಇತ್ತು. ಗಾಡಿ ಹಿಂದೆಂದೂ ಅಷ್ಟು ಚುರುಕಾಗಿ ಎಳೆದಿರಲಿಲ್ಲ. ಖಾಲಿ ರಸ್ತೆ, ಫುಲ್ ಥ್ರಾಟಲ್. ಸ್ವಲ್ಪ ಹೊತ್ತಿನ ಮೇಲೆ ಎಂಜಿನ್ ಸದ್ದು ತೆಳ್ಳಗಾಯಿತು. ಡಬ್ಬದಲ್ಲಿ ಸಣ್ಣ ಕಲ್ಲು ಹಾಕಿ ಅಲುಗಾಡಿಸಿದ ಹಾಗೆ ಕಿಣಿಕಿಣಿ. ಆಮೇಲೆ ಯಾರೋ ಮೆಲ್ಲಗೆ ಬ್ರೇಕ್ ಒತ್ತಿದಂತೆ ವೇಗ ಇಳಿಯಿತು. ನಾನು ಮಾಡಿದ ತಪ್ಪು ಅಂದರೆ, ಇನ್ನಷ್ಟು ಥ್ರಾಟಲ್ ತಿರುಗಿಸಿದೆ. ಮರುಕ್ಷಣ ಚಕ್ರ ನಿಂತು ಟಯರ್ ಕಿರುಚಿತು. ಕ್ಲಚ್ ಹಿಡಿಯುವಷ್ಟರಲ್ಲಿ ಗಾಡಿ ಅಡ್ಡ ತಿರುಗಲು ಶುರುವಾಗಿತ್ತು.

ಆಮೇಲೆ ಬ್ಲಾಕ್ ಬಿಚ್ಚಿದಾಗ ಕಂಡದ್ದು ಇದು. ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಿತ್ತು. ಅದರ ಮೇಲೆ ಸಾಸಿವೆಗಿಂತಲೂ ಸಣ್ಣ, ಹೊಳೆಯುವ ಚುಕ್ಕೆಗಳು. ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಪಿಸ್ಟನ್ ತಲೆಯ ಅಂಚು ಇಲಿ ಕಡಿದ ಹಾಗಿತ್ತು. ಎಕ್ಸಾಸ್ಟ್ ಕಡೆ ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು, ಆ ಗೀರಿನ ಲೋಹ ಹರಡಿ ರಿಂಗನ್ನು ಅದು ಕೂರುವ ತೋಡಿನಲ್ಲೇ ಹೂತುಬಿಟ್ಟಿತ್ತು. ಉಗುರಿನಿಂದ ಎಬ್ಬಿಸಿದರೂ ರಿಂಗ್ ಮೇಲೇಳಲಿಲ್ಲ.

ಯಾಕೆ ಹೀಗಾಯಿತು? ಫಿಲ್ಟರ್, ಸೈಲೆನ್ಸರ್ ಬದಲಾದ ಮೇಲೆ ಎಂಜಿನ್ನಿಗೆ ಗಾಳಿ ಜಾಸ್ತಿ ಬರುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡಲು ಹಳೆಯ ಜೆಟ್ಟಿಗೆ ಆಗುವುದಿಲ್ಲ. ಮಿಶ್ರಣ ಲೀನ್ ಆಗುತ್ತದೆ. ಟೂ ಸ್ಟ್ರೋಕಿನಲ್ಲಿ ಇದು ದುಪ್ಪಟ್ಟು ಅಪಾಯ. ಒಳಗೆ ಬರುವ ಪೆಟ್ರೋಲ್ ಪಿಸ್ಟನ್ನನ್ನು ತಣ್ಣಗೂ ಮಾಡುತ್ತದೆ, ಆಯಿಲ್ ಬೆರೆಸಿ ಓಡಿಸುವವರಲ್ಲಿ ಆಯಿಲನ್ನೂ ಅದೇ ತರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಎರಡೂ ಕಡಿಮೆ. ಜೊತೆಗೆ ಪ್ರತಿ ಸುತ್ತಿಗೂ ಬೆಂಕಿ, ಪಿಸ್ಟನ್ನಿಗೆ ಬಿಡುವೇ ಇಲ್ಲ. ಚಳಿಗಾಳಿ ದಟ್ಟವಾಗಿರುತ್ತದೆ, ಅಂದರೆ ತಣ್ಣನೆಯ ಬೆಳಗ್ಗೆ ಮಿಶ್ರಣ ಇನ್ನೂ ಲೀನ್. ಎಥನಾಲ್ ಬೆರೆತ ಪೆಟ್ರೋಲ್ ಹಾಕಿದರೂ ಹಾಗೇ. ಸಾಮಾನ್ಯ ಪೆಟ್ರೋಲಿನ 1 ಭಾಗ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಅಂದರೆ ಅಷ್ಟೇ ಗಾಳಿಗೆ ಎಥನಾಲ್ ಜಾಸ್ತಿ ಬೇಕು, ಅದೇ ಜೆಟ್ಟಿನಲ್ಲಿ ಬಂದ ಇಂಧನ ಕಡಿಮೆ ಬೀಳುತ್ತದೆ.

ಎಲ್ಲಕ್ಕಿಂತ ಮೋಸ ಮಾಡುವ ವಿಷಯ ಬೇರೆ ಇದೆ. ರಿಚ್ (ಪೆಟ್ರೋಲ್ ಜಾಸ್ತಿ) ಇದ್ದ ಎಂಜಿನ್ ಲೀನ್ ಆಗುತ್ತಾ ಹೋದಾಗ ಮೊದಲು ಪಿಕಪ್ ಜಾಸ್ತಿಯಾಗುತ್ತದೆ! ಹೊಗೆ ಕಡಿಮೆ, ಸದ್ದು ಚೊಕ್ಕ. ಸವಾರನಿಗೆ ಗಾಡಿ ಸೆಟ್ ಆಯಿತು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಈಗ ಪಿಕಪ್ ನೋಡಿ ಜೆಟ್ ತೀರ್ಮಾನ ಮಾಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಪ್ಲಗ್ ನೋಡಿ ಮಾತ್ರ.

ನೋಡುವ ಕ್ರಮ ಹೀಗೆ. ಬೇಕು ಅನ್ನಿಸಿದ್ದಕ್ಕಿಂತ ಎರಡು ಮೂರು ಅಳತೆ ದೊಡ್ಡ ಮೇನ್ ಜೆಟ್ ಹಾಕಿ ಶುರು ಮಾಡಿ. ಗಾಡಿ ಬೊಗಳಿದ ಹಾಗೆ ಓಡಿದರೂ ಪರವಾಗಿಲ್ಲ. ಹೊಸ ಪ್ಲಗ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ ಜಾಗದಲ್ಲಿ ಸ್ವಲ್ಪ ದೂರ ಫುಲ್ ಥ್ರಾಟಲ್ ಓಡಿಸಿ. ಥ್ರಾಟಲ್ ಬಿಡುವ ಮುಂಚೆಯೇ ಸ್ವಿಚ್ ಆಫ್ ಮಾಡಿ, ಅದರ ಜೊತೆಗೇ ಕ್ಲಚ್ ಹಿಡಿಯಿರಿ. ಐಡ್ಲಿಂಗಿನಲ್ಲಿ ಬಿಟ್ಟರೆ ಬಣ್ಣ ಬದಲಾಗಿ ಸುಳ್ಳು ಹೇಳುತ್ತದೆ. ಪಿಂಗಾಣಿಯ ಬುಡ ತಿಳಿ ಕಾಫಿ ಬಣ್ಣಕ್ಕೆ ಬಂದರೆ ಸರಿ. ಕಪ್ಪಗೆ ಒದ್ದೆ ಇದ್ದರೆ ರಿಚ್. ಬಿಳಿ ಇದ್ದರೆ ಆ ಜೆಟ್ಟಿನಲ್ಲಿ ಮತ್ತೆ ಓಡಿಸಲೇಬೇಡಿ. ದೊಡ್ಡದರಿಂದ ಒಂದೊಂದೇ ಅಳತೆ ಕೆಳಗಿಳಿಯಿರಿ. ಸಣ್ಣದರಿಂದ ಮೇಲೆ ಹತ್ತಲು ಹೋದರೆ ಮಧ್ಯದಲ್ಲೇ ಪಿಸ್ಟನ್ ಹೋಗುತ್ತದೆ. ಮೇನ್ ಜೆಟ್ ಕೆಲಸ ಮಾಡುವುದು ಮುಕ್ಕಾಲು ಥ್ರಾಟಲಿನ ಮೇಲೆ. ಅದಕ್ಕಿಂತ ಕೆಳಗೆ ಥ್ರಾಟಲಿನ ಜೊತೆ ಏರಿಳಿಯುವ ಸೂಜಿ, ಇನ್ನೂ ಕೆಳಗೆ ಐಡ್ಲಿಂಗಿನ ಪೈಲಟ್ ಜೆಟ್. ಅರ್ಧ ಥ್ರಾಟಲಿನಲ್ಲೇ ಓಡಿಸುವವರು ಸೂಜಿಯ ಕ್ಲಿಪ್ ನೋಡಿಕೊಳ್ಳಬೇಕು. ಕ್ಲಿಪ್ ಒಂದು ಮೆಟ್ಟಿಲು ಕೆಳಗಿಟ್ಟರೆ ಸೂಜಿ ಮೇಲೇರಿ ರಿಚ್ ಆಗುತ್ತದೆ.

"ಆಯಿಲ್ ಜಾಸ್ತಿ ಹಾಕಿಬಿಡು, ಸೀಜ್ ಆಗಲ್ಲ" ಅಂತ ಸಲಹೆ ಕೊಡುವವರು ಬಹಳ. ಇದರಿಂದ ಜೆಟ್ ಸರಿಯಾಗುವುದಿಲ್ಲ. ಜೆಟ್ಟಿನಲ್ಲಿ ಹರಿಯುವುದು ಅಷ್ಟೇ ದ್ರವ, ಅದರಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆ, ಮಿಶ್ರಣ ಇನ್ನೂ ಲೀನ್. ಆಯಿಲ್ ಪ್ರಮಾಣ ಒಂದನ್ನು ಗೊತ್ತು ಮಾಡಿ ಅಳೆದೇ ಹಾಕಿ, ಆಮೇಲೆ ಜೆಟ್ ಹೊಂದಿಸಿ. ಕೋಲ್ಡ್ ಪ್ಲಗ್ (ಬಿಸಿಯನ್ನು ಬೇಗ ಬಿಡುವ ಪ್ಲಗ್) ಹಾಕಿ ಬಚಾವಾಗುತ್ತೇವೆ ಅನ್ನುವುದೂ ಅಷ್ಟೇ. ಪ್ಲಗ್ ತಣ್ಣಗಿರಬಹುದು, ಪಿಸ್ಟನ್ ಅಲ್ಲ. ಇನ್ನು ಹೆಡ್ ತೆಗೆಸಿದ್ದರೆ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಮುಂದಿಡಬೇಡಿ. ಕಂಪ್ರೆಷನ್ ಹೆಚ್ಚಿದಾಗ ಆ ಕಿಣಿಕಿಣಿ ಬೇಗ ಬರುತ್ತದೆ.

ಬೋರ್ ಮಾಡಿಸಿ, ದೊಡ್ಡ ಜೆಟ್ ಹಾಕಿ, ಪ್ಲಗ್ ಕಾಫಿ ಬಣ್ಣಕ್ಕೆ ಬಂದ ಮೇಲೂ ಮತ್ತೊಮ್ಮೆ ಸ್ವಲ್ಪದರಲ್ಲಿ ತಪ್ಪಿತು. ಕೆಲವು ತಿಂಗಳ ನಂತರ ಗಾಡಿ ನಿಲ್ಲಿಸಿದಾಗ ಐಡ್ಲಿಂಗ್ ತಾನಾಗಿ ಏರತೊಡಗಿತು. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಮೆಲ್ಲಗೆ ಇಳಿಯುತ್ತಿತ್ತು. ಸ್ಕ್ರೂ ತಿರುಗಿಸಿ ಸುಮ್ಮನಾಗಬಹುದಿತ್ತು. ಆದರೆ ಹಿಂದಿನದು ನೆನಪಿತ್ತು, ಕಾರ್ಬೊರೇಟರ್ ಬಿಚ್ಚಿದೆ. ಬ್ಲಾಕಿಗೂ ಕಾರ್ಬೊರೇಟರಿಗೂ ನಡುವಿನ ರಬ್ಬರನ್ನು ಹೆಬ್ಬೆರಳಿನಿಂದ ಬಗ್ಗಿಸಿದಾಗ ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟಿತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಹೋದರೂ ಇದೇ ಲಕ್ಷಣ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಬಂದು ಹೊಗೆ ಹೆಚ್ಚಾಗುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಮ್ಯಾಗ್ನೆಟ್ ಕಡೆಯದು ಸದ್ದಿಲ್ಲದೆ ಕೊಲ್ಲುತ್ತದೆ. ಪೋರ್ಟಿಂಗ್ ಮಾಡಿಸುವಾಗ ಎರಡೂ ಸೀಲ್ ಹೊಸದು ಹಾಕಿಸಿಬಿಡಿ.

ಟ್ಯಾಂಕ್ ಮುಚ್ಚಳದ ಗಾಳಿ ತೂತು, ಪೆಟ್ರೋಲ್ ಕಾಕ್ ಜಾಲರಿ, ಫಿನ್ ನಡುವಿನ ಮಣ್ಣು ಇವನ್ನೂ ನೋಡಿ. ಉದ್ದದ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಎಂಜಿನ್ ಬ್ರೇಕಿನಲ್ಲೇ ಇಳಿಯಬೇಡಿ. ಆರ್‌ಪಿಎಂ ಮೇಲಿರುತ್ತದೆ, ಬೆರೆಸಿದ ಆಯಿಲ್ ಹೆಚ್ಚುಕಡಿಮೆ ಬರುವುದೇ ಇಲ್ಲ. ಆಗಾಗ ಕ್ಲಚ್ ಹಿಡಿದು ಒಂದಿಷ್ಟು ಥ್ರಾಟಲ್ ಕೊಡಿ.

ವೇಗವಾಗಿ ಹೋಗುವಾಗ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ. ಎಳೆತ ಕಡಿಮೆಯಾಯಿತು ಅನ್ನಿಸಿದ ಕ್ಷಣ ಕ್ಲಚ್ ಹಿಡಿದು, ಥ್ರಾಟಲ್ ಬಿಟ್ಟು, ಬದಿಗೆ ಬನ್ನಿ. ಬಿಸಿ ಬ್ಲಾಕಿಗೆ ನೀರು ಸುರಿಯಬೇಡಿ, ತಾನಾಗಿ ಆರಲಿ. ಆರಿದ ಮೇಲೆ ಕಿಕ್ ಇಳಿದು ಗಾಡಿ ಸ್ಟಾರ್ಟ್ ಆಗಬಹುದು. ನನ್ನದೂ ಆಯಿತು. ನಾನು ಅದನ್ನು ನಿಧಾನವಾಗಿ ಮನೆ ತನಕ ಓಡಿಸಿದೆ. ಕೆತ್ತಿದ ಅಲ್ಯೂಮಿನಿಯಂ ಚೂರುಗಳು ಅಷ್ಟರಲ್ಲಿ ಕೆಳಗೆ ಕ್ರ್ಯಾಂಕ್ ಬೇರಿಂಗಿಗೆ ಇಳಿದಿದ್ದವು. ಬರೀ ಪಿಸ್ಟನ್, ಬೋರಿನಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಇಡೀ ಎಂಜಿನ್ ಬಿಚ್ಚಬೇಕಾಯಿತು. ಸ್ಟಾರ್ಟ್ ಆದರೂ ಓಡಿಸಬೇಡಿ, ಬೇರೆ ವಾಹನದ ಮೇಲೆ ಹೇರಿಸಿಕೊಂಡು ಬಂದು ಮೊದಲು ಬ್ಲಾಕ್ ಬಿಚ್ಚಿ ನೋಡಿ.